ಸೀಲಿಯಾಕ್ ಇರುವವರಿಗೆ ಕೇಕ್: ಮೊದಲು ಅಡುಗೆಮನೆ, ಆಮೇಲೆ ಹಿಟ್ಟು

ಸೀಲಿಯಾಕ್ ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ. ಅದು ಇರುವವರಿಗೆ ಕೇಕ್ ಮಾಡಿಕೊಡಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು ಒಂದೇ: ಮೈದಾ ಬದಲು ಏನು ಹಾಕಲಿ? ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಒಳ್ಳೆಯ ಉತ್ತರಗಳೂ ಇವೆ. ಆದರೆ ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು ಇದು: ಈ ಅಡುಗೆಮನೆಯಲ್ಲಿ ಇಷ್ಟು ದಿನ ಬಳಸಿದ ಮೈದಾ, ಗೋಧಿ ಹಿಟ್ಟು ಈಗ ಎಲ್ಲೆಲ್ಲಿ ಕೂತಿವೆ?

ಮೈದಾ ಇಲ್ಲದೆ ಕೇಕ್ ಮಾಡುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಮೈದಾ ಇಲ್ಲದ ಬ್ರೆಡ್ ನಿಜಕ್ಕೂ ಕಷ್ಟ. ಕೇಕ್ ಹಾಗಲ್ಲ. ಕಷ್ಟ ಇರುವುದು ಆ ಕೇಕಿಗೆ ಒಂದು ಚಿಟಿಕೆ ಮೈದಾ ಕೂಡ ಸೇರದಂತೆ ನೋಡಿಕೊಳ್ಳುವುದರಲ್ಲಿ. ಅಷ್ಟು ಕಟ್ಟುನಿಟ್ಟು ಯಾಕೆ ಅಂತ ಗೊತ್ತಾದರೆ ಉಳಿದ ಎಚ್ಚರಿಕೆಗಳು ಭಾರ ಅನ್ನಿಸುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕರುಳಿನಲ್ಲಿ ಆಗುವುದೇನು

ಗೋಧಿಯಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ಗ್ಲುಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಅದೇ ಬಳಗದ ಪ್ರೋಟೀನುಗಳಿವೆ. ಇವುಗಳ ರಚನೆ ಹೇಗಿದೆ ಅಂದರೆ ನಮ್ಮ ಜೀರ್ಣರಸಗಳಿಗೆ ಇವನ್ನು ಪೂರ್ತಿ ಒಡೆಯಲು ಆಗುವುದಿಲ್ಲ. ಯಾರೇ ತಿಂದರೂ ಒಂದಷ್ಟು ಉದ್ದನೆಯ ತುಂಡುಗಳು ಹಾಗೇ ಸಣ್ಣ ಕರುಳಿಗೆ ಇಳಿಯುತ್ತವೆ. ಬಹಳಷ್ಟು ಜನರಿಗೆ ಅದರಿಂದ ಏನೂ ತೊಂದರೆ ಇಲ್ಲ.

ಸೀಲಿಯಾಕ್ ಇರುವವರಲ್ಲಿ ಕಥೆ ಬೇರೆ. ಅವರ ಕರುಳಿನಲ್ಲಿ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಆ ತುಂಡುಗಳನ್ನು ಸ್ವಲ್ಪ ಮಾರ್ಪಡಿಸುತ್ತದೆ. ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಅಣುಗಳು ಆ ತುಂಡನ್ನು ಹಿಡಿದು ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅವು ಅದನ್ನು ಶತ್ರು ಅಂತ ತಿಳಿದು ದಾಳಿಗೆ ಇಳಿಯುತ್ತವೆ. ಆ ದಾಳಿಯಲ್ಲಿ ಪೆಟ್ಟು ಬೀಳುವುದು ಸ್ವಂತ ಕರುಳಿಗೇ. ರಕ್ತಪರೀಕ್ಷೆಯಲ್ಲಿ ವೈದ್ಯರು ಹುಡುಕುವುದು ಕೂಡ ಈ ಟ್ರಾನ್ಸ್‌ಗ್ಲುಟಮಿನೇಸ್ ವಿರುದ್ಧವೇ ದೇಹ ತಯಾರಿಸಿಕೊಂಡ ಆ್ಯಂಟಿಬಾಡಿಗಳನ್ನು. ಡಿಕ್ಯೂ2, ಡಿಕ್ಯೂ8ರ ವಂಶವಾಹಿಗಳು ಎಷ್ಟೋ ಜನರಲ್ಲಿ ಇರುತ್ತವೆ. ಆದರೆ ಕಾಯಿಲೆ ಬರುವುದು ಜಗತ್ತಿನಲ್ಲಿ ಸುಮಾರು 100ರಲ್ಲಿ ಒಬ್ಬರಿಗೆ.

ಸಣ್ಣ ಕರುಳಿನ ಒಳಮೈ ನುಣುಪಾಗಿರುವುದಿಲ್ಲ. ದಪ್ಪ ಟವೆಲ್ಲಿನ ಮೇಲೆ ನೂಲಿನ ಕುಣಿಕೆಗಳು ಎದ್ದಿರುವ ಹಾಗೆ ಅಲ್ಲಿ ಲಕ್ಷಾಂತರ ಸಣ್ಣ ಬೆರಳುಗಳಂಥ ಎಳೆಗಳು ಎದ್ದಿರುತ್ತವೆ. ಇವಕ್ಕೆ ವಿಲ್ಲೈ ಅನ್ನುತ್ತಾರೆ. ಊಟದಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ನುಗಳನ್ನೆಲ್ಲ ಹೀರಿಕೊಳ್ಳುವುದು ಇವೇ. ಸೀಲಿಯಾಕ್‌ನಲ್ಲಿ ಈ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ರಕ್ತ ಕಡಿಮೆಯಾಗುತ್ತದೆ, ಮೂಳೆ ಸೊರಗುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ.

ಇದಕ್ಕೆಲ್ಲ ಗೋಧಿ ಕಾರಣ ಅಂತ ಗೊತ್ತಾಗಲು ತುಂಬಾ ಕಾಲ ಬೇಕಾಯಿತು. 1888ರಲ್ಲೇ ಲಂಡನ್ನಿನ ವೈದ್ಯ ಸ್ಯಾಮುಯೆಲ್ ಗೀ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದ್ದರು. ವಾಸಿಯಾಗುವುದಿದ್ದರೆ ಅದು ಊಟದ ಪಥ್ಯದಿಂದಲೇ ಅಂತಲೂ ಹೇಳಿದ್ದರು. ಆದರೆ ಬಿಡಬೇಕಾದ್ದು ಯಾವುದನ್ನು? ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಮೊದಲಿನಿಂದಲೂ ಗೋಧಿಯ ಮೇಲೇ ಅನುಮಾನ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಘೋರ ಬರ ಬಂತು. ಬ್ರೆಡ್ ಸಿಗುವುದೇ ಕಷ್ಟವಾಯಿತು. ಊರಿಗೆ ಊರೇ ಹಸಿವಿನಿಂದ ನರಳುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಅವರ ಆರೋಗ್ಯ ಮತ್ತೆ ಕೆಟ್ಟಿತು. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದರು. ಇಂದಿಗೂ ಈ ಕಾಯಿಲೆಗೆ ಚಿಕಿತ್ಸೆ ಅಂದರೆ ಅದೇ: ಜೀವನಪೂರ್ತಿ ಗ್ಲುಟೆನ್ ಬಿಡುವುದು.

"ಒಂದೇ ಒಂದು ಚೂರು, ಏನಾಗಲ್ಲ ತಗೊಳ್ಳಿ"

ಪ್ರೀತಿಯಿಂದ ಹೇಳುವ ಈ ಮಾತು ಎಷ್ಟು ತಪ್ಪು ಅಂತ ಒಂದು ಸಣ್ಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಒಂದು ಗ್ರಾಂ ಮೈದಾದಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 10 ಮಿಲಿಗ್ರಾಂ ಒಳಗೆ ಇದ್ದರೆ ಸೀಲಿಯಾಕ್ ಇರುವ ಬಹುತೇಕ ಜನರ ಕರುಳು ತಡೆದುಕೊಳ್ಳುತ್ತದೆ ಅನ್ನುವುದು ತಜ್ಞರ ಸಾಮಾನ್ಯ ಅಭಿಪ್ರಾಯ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ವಿಲ್ಲೈಗೆ ಹಾನಿಯಾಗಿದ್ದು ಕಂಡುಬಂತು. ಈಗ 10 ಮಿಲಿಗ್ರಾಂ ಅಂದರೆ ಎಷ್ಟು ಮೈದಾ? ಒಂದು ಗ್ರಾಂನ ಎಂಟನೇ ಒಂದು ಭಾಗ. ಬೆರಳ ತುದಿಗೆ ಅಂಟಿಕೊಳ್ಳುವಷ್ಟು. ಒಂದು ಟೀ ಚಮಚ ಮೈದಾದಲ್ಲಿ 200 ಮಿಲಿಗ್ರಾಂ ದಾಟುತ್ತದೆ.

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಪೊಟ್ಟಣಗಳ ಮೇಲೆ ಕಾಣುವ 20 ಪಿಪಿಎಂ ಅಂದರೆ ಇದೇ. ಆ ಮಿತಿಯ ತುದಿಯಲ್ಲಿರುವ ಕೇಕನ್ನೇ 100 ಗ್ರಾಂ ತಿಂದರೂ ಹೊಟ್ಟೆಗೆ ಹೋಗುವುದು 2 ಮಿಲಿಗ್ರಾಂ ಮಾತ್ರ. ಮಿತಿಯನ್ನು ಇಷ್ಟು ಕೆಳಗೆ ಇಟ್ಟಿರುವುದು ಒಳ್ಳೆಯದೇ. ದಿನವಿಡೀ ಬೇರೆ ಬೇರೆ ಕಡೆಯಿಂದ ಚೂರುಚೂರೇ ಸೇರಿದರೂ ಒಟ್ಟು ಮೊತ್ತ ಕೈಮೀರುವುದಿಲ್ಲ.

ಇನ್ನೊಂದು ಮಾತು. ಕೆಲವರಿಗೆ ಗ್ಲುಟೆನ್ ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. ಇನ್ನು ಕೆಲವರಿಗೆ ಹೊರಗೆ ಏನೂ ಕಾಣುವುದಿಲ್ಲ. ಆದರೆ ಒಳಗೆ ಕರುಳು ಸವೆಯುತ್ತಲೇ ಇರುತ್ತದೆ. ಹಾಗಾಗಿ "ಹೋದ ಸಲ ನಮ್ಮನೇಲಿ ತಿಂದ್ರಲ್ಲ, ಏನೂ ಆಗಲಿಲ್ಲವಲ್ಲ" ಅನ್ನುವುದು ಸಾಕ್ಷಿಯಲ್ಲ. ಸೀಲಿಯಾಕ್ ಅಂದರೆ ಗೋಧಿ ಅಲರ್ಜಿಯೂ ಅಲ್ಲ. ಅಲರ್ಜಿಯ ದಾರಿ ಬೇರೆ, ಅದರ ಅಪಾಯ ಬೇರೆ. ನಿಮ್ಮ ಅತಿಥಿಗೆ ಇರುವುದು ಯಾವುದು ಅಂತ ಒಮ್ಮೆ ಕೇಳಿಕೊಳ್ಳಿ.

ಅದರ ಜೊತೆಗೆ ಹಾಲಿನ ಬಗ್ಗೆಯೂ ಕೇಳಿ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ತಯಾರಾಗುವುದು ವಿಲ್ಲೈಗಳ ತುದಿಯಲ್ಲಿ. ಎಳೆಗಳು ಸವೆದಾಗ ಮೊದಲು ಹೋಗುವುದೇ ಆ ತುದಿ. ಹೊಸದಾಗಿ ಕಾಯಿಲೆ ಪತ್ತೆಯಾದವರಲ್ಲಿ ಎಷ್ಟೋ ಮಂದಿಗೆ ಕೆಲವು ತಿಂಗಳು ಹಾಲು ಕೂಡ ಆಗಿಬರುವುದಿಲ್ಲ. ಕರುಳು ಚೇತರಿಸಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಕ್ರೀಮ್ ತುಂಬಿದ ಕೇಕ್ ಅವರಿಗೆ ಬೇಡ.

ಅಡುಗೆಮನೆಯಲ್ಲಿ ಅಡಗಿರುವ ಮೈದಾ

ಗ್ಲುಟೆನ್ ಕ್ರಿಮಿಯಲ್ಲ, ಕಾಯಿಸಿದರೆ ಸಾಯುವುದಿಲ್ಲ. ಓವನ್ನಿನ ಬಿಸಿಗೆ ಅದು ಹಾಳಾಗುವುದಿಲ್ಲ. ಸ್ಯಾನಿಟೈಸರ್ ಒರೆಸಿದರೂ ಹೋಗುವುದಿಲ್ಲ. ಸೋಪು ನೀರಿನಲ್ಲಿ ಉಜ್ಜಿ ತೊಳೆದು ತೆಗೆಯಬೇಕು, ಅಷ್ಟೇ. ಸ್ಟೀಲು, ಗಾಜಿನ ಪಾತ್ರೆಗಳನ್ನು ಹೀಗೆ ಚೆನ್ನಾಗಿ ತೊಳೆದರೆ ಸಾಕು. ಹೊಸ ಪಾತ್ರೆ ಕೊಳ್ಳಬೇಕಿಲ್ಲ. ಆದರೆ ತೊಳೆಯುವ ಸ್ಪಂಜು ಮಾತ್ರ ಹೊಸದಿರಲಿ. ಹಳೆಯದರಲ್ಲಿ ಹಿಂದಿನ ದಿನದ ಹಿಟ್ಟಿನ ಅಂಟು ಇರುತ್ತದೆ.

ತೊಂದರೆ ಇರುವುದು ತೊಳೆಯಲು ಆಗದ ಕಡೆ. ಮೈದಾ ಜರಡಿಯನ್ನು ತೊಳೆದು ಒಣಗಿಸಿ ಬೆಳಕಿಗೆ ಹಿಡಿದು ನೋಡಿ. ತಂತಿಯ ಬಲೆ ಚೌಕಟ್ಟಿಗೆ ಸೇರುವ ಅಂಚಿನಲ್ಲಿ ಸಣ್ಣದೊಂದು ಬಿಳಿ ಗೆರೆ ಕಾಣುತ್ತದೆ. ಒದ್ದೆಯಾದ ಮೈದಾ ಅಲ್ಲಿ ಗೋಂದಿನಂತಾಗಿ ಗಟ್ಟಿಯಾಗಿರುತ್ತದೆ. ಮುಂದಿನ ಸಲ ಅದರಲ್ಲಿ ಅಕ್ಕಿ ಹಿಟ್ಟು ಹಾಕಿ ಅಂಗೈಯಿಂದ ತಟ್ಟಿದಾಗ ಆ ಗೆರೆ ಪುಡಿಯಾಗಿ ಉದುರುತ್ತದೆ. ಎಷ್ಟು ಉದುರಿದರೆ ಅಪಾಯ ಅನ್ನುವ ಲೆಕ್ಕ ಮೇಲೆ ನೋಡಿದ್ದೀರಿ. ಆದ್ದರಿಂದ ಜರಡಿ ಒಂದನ್ನು ಮಾತ್ರ ಬೇರೆಯೇ ಇಟ್ಟುಕೊಳ್ಳಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಇಲ್ಲದಿದ್ದರೆ ಜರಡಿ ಬಿಟ್ಟು ಪೊರಕೆಯಂಥ ವಿಸ್ಕಿನಿಂದ ಹಿಟ್ಟು ಕಲಸಿ.

ಮರದ ಸೌಟು, ಲಟ್ಟಣಿಗೆ, ಕೆತ್ತಿಹೋದ ನಾನ್‌ಸ್ಟಿಕ್ ಟಿನ್, ಸಿಲಿಕೋನ್ ಅಲ್ಲದ ಕೂದಲಿನ ಬ್ರಷ್ಷು, ಇವುಗಳ ಮೇಲೂ ಅನುಮಾನ ಇರಲಿ. ಬಿರುಕು, ಗೀರು, ಕೂದಲ ಬುಡ ಎಲ್ಲೆಲ್ಲಿದೆಯೋ ಅಲ್ಲಿ ಹಿಟ್ಟು ನಿಲ್ಲುತ್ತದೆ. ಹಳೆಯ ಟಿನ್ ಬಳಸಲೇಬೇಕಾದರೆ ಒಳಗೆ ಪೂರ್ತಿ ಬೇಕಿಂಗ್ ಪೇಪರ್ ಹಾಸಿ. ಕೈಯಲ್ಲಿ ಹಿಡಿಯುವ ಮಿಕ್ಸರನ್ನು ಜನ ಮರೆಯುತ್ತಾರೆ. ಅದರ ಮೋಟರಿಗೆ ಗಾಳಿ ಹೋಗುವ ಕಿಂಡಿಗಳಿರುತ್ತವೆ. ಮೈದಾ ಕಲಸುವಾಗ ಹಾರಿದ ಪುಡಿ ಒಳಗೆ ಹೋಗಿ ಕೂತಿರುತ್ತದೆ. ಕೇಕ್ ಮಾಡುವ ಮೊದಲು ಆ ಕಿಂಡಿಗಳನ್ನು ಒರೆಸಿ, ಬಟ್ಟಲಿನಿಂದ ದೂರ ಹಿಡಿದು ಸ್ವಲ್ಪ ಹೊತ್ತು ಖಾಲಿ ಓಡಿಸಿ. ಅದಕ್ಕಿಂತ ಕೈ ವಿಸ್ಕ್ ವಾಸಿ.

ಗಾಳಿಯಲ್ಲಿ ತೇಲುವ ಪುಡಿಯೂ ಇದೆ. ಮೈದಾ ಜರಡಿ ಹಿಡಿದ ಮೇಲೆ ನವಿರಾದ ಧೂಳು ಎಷ್ಟೋ ಹೊತ್ತು ಕೆಳಗೆ ಇಳಿಯದೆ ತೇಲುತ್ತಿರುತ್ತದೆ. ಒಂದೇ ಮಧ್ಯಾಹ್ನ ಎರಡೂ ಥರದ ಕೇಕ್ ಮಾಡುವ ಯೋಚನೆ ಬೇಡ. ಮಾಡಲೇಬೇಕಾದರೆ ಗ್ಲುಟೆನ್ ಇಲ್ಲದ್ದು ಮೊದಲು. ಅದು ಬೆಂದು, ಆರಿ, ಡಬ್ಬಿ ಸೇರಿದ ಮೇಲೆ ಮೈದಾ ಪೊಟ್ಟಣ ಬಿಚ್ಚಿ. ಫ್ಯಾನ್ ಇರುವ ಓವನ್ನಿನಲ್ಲಿ ಎರಡನ್ನೂ ಒಟ್ಟಿಗೆ ಇಡಬೇಡಿ. ಬಟ್ಟೆಯ ಕೈ ಒರೆಸು, ಏಪ್ರನ್ ಒಗೆದದ್ದಿರಲಿ. ಬೆಣ್ಣೆ ಹೊಸ ಪೊಟ್ಟಣದ್ದಿರಲಿ, ಜಾಮ್ ಹೊಸ ಬಾಟಲಿಯದ್ದಿರಲಿ. ಬ್ರೆಡ್ಡಿಗೆ ಸವರಿದ ಚಾಕು ಮತ್ತೆ ಅದ್ದಿದ ಬೆಣ್ಣೆ ಡಬ್ಬಿಯಲ್ಲಿ ಬ್ರೆಡ್ ಪುಡಿ ಇಲ್ಲದೆ ಇರುವುದಿಲ್ಲ.

ಪೊಟ್ಟಣದ ಹಿಂಬದಿ

ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ಬೀಸಿದ ಅಕ್ಕಿ ಹಿಟ್ಟಿನಲ್ಲಿ ಗೋಧಿ ಇರುತ್ತದೆ. ಎಲ್ಲಾ ಹಿಟ್ಟುಗಳಿಗೂ ಇದೇ ಮಾತು. ಬೇರೆ ಯಾವುದರಲ್ಲಿ ಉಳಿತಾಯ ಮಾಡಿದರೂ ಪರವಾಗಿಲ್ಲ, ಹಿಟ್ಟು ಮಾತ್ರ ಗ್ಲುಟೆನ್ ಫ್ರೀ ಅಂತ ಸ್ಪಷ್ಟವಾಗಿ ಬರೆದಿರುವ ಮುಚ್ಚಿದ ಪೊಟ್ಟಣದ್ದೇ ಆಗಬೇಕು. ಗೋಧಿಯ ತೆನೆಗೆ ಅಡ್ಡಗೆರೆ ಎಳೆದ ಚಿಹ್ನೆ ಇದ್ದರೆ ಇನ್ನೂ ಒಳ್ಳೆಯದು. ಸೀಲಿಯಾಕ್ ಸಂಘಗಳು ಪರಿಶೀಲಿಸಿ ಕೊಡುವ ಗುರುತು ಅದು. ಗೋಧಿ ಇಲ್ಲ ಅಂತ ಮಾತ್ರ ಬರೆದಿದ್ದರೆ ಸಾಲದು. ಬಾರ್ಲಿ, ರೈ ಇರಬಹುದು.

ಸಾಮಾನ್ಯವಾಗಿ ರವೆ ಅಂದರೆ ಗೋಧಿಯೇ. ಸ್ಪೆಲ್ಟ್, ಡ್ಯೂರಮ್, ಖೊರಾಸಾನ್ ಅಂತ ಯಾವ ಹೆಸರಿನಲ್ಲಿ ಬಂದರೂ ಗೋಧಿ ಗೋಧಿಯೇ. ಮಾಲ್ಟ್ ಅಂತ ಕಂಡರೆ ಬಾರ್ಲಿ ಅಂತ ತಿಳಿಯಿರಿ. ಚಾಕೊಲೇಟಿನಲ್ಲಿ, ಚಾಕೊಲೇಟ್ ಪಾನೀಯದ ಪುಡಿಯಲ್ಲಿ, ಕಾರ್ನ್‌ಫ್ಲೇಕ್ಸಿನಲ್ಲಿ ಅದು ಆಗಾಗ ಇರುತ್ತದೆ. ಬೇಕಿಂಗ್ ಪೌಡರಿನಲ್ಲಿ ತೇವ ಹೀರಲು ಪಿಷ್ಟ ಸೇರಿಸಿರುತ್ತಾರೆ. ಸಾಮಾನ್ಯವಾಗಿ ಅದು ಮೆಕ್ಕೆಜೋಳದ್ದು, ಕೆಲವೊಮ್ಮೆ ಗೋಧಿಯದ್ದು. ಐಸಿಂಗ್ ಶುಗರ್ ಕೂಡ ಹಾಗೇ. ಕೆಲವು ಕಡೆ ಕಾರ್ನ್‌ಫ್ಲೋರ್ ಅಂತ ಮಾರುವುದನ್ನೂ ಗೋಧಿಯಿಂದ ತಯಾರಿಸುತ್ತಾರೆ, ಅದಕ್ಕೇ ಹೆಸರು ನೋಡಿ ಬಿಟ್ಟುಬಿಡದೆ ಪದಾರ್ಥಗಳ ಸಾಲನ್ನೂ ಓದಬೇಕು. ಟಿನ್ನಿಗೆ ಹೊಡೆಯುವ ಎಣ್ಣೆ ಸ್ಪ್ರೇಗಳಲ್ಲಿ ಕೆಲವಕ್ಕೆ ಹಿಟ್ಟು ಬೆರೆಸಿರುತ್ತಾರೆ. ಮೇಲೆ ಉದುರಿಸುವ ಬಣ್ಣದ ಕಾಳು, ಅಲಂಕಾರದ ಸಕ್ಕರೆ ಬೊಂಬೆ ಎಲ್ಲವನ್ನೂ ತಿರುಗಿಸಿ ಓದಿ.

ಓಟ್ಸ್ ಸ್ವಲ್ಪ ಗೊಂದಲದ ವಿಷಯ. ಅದರಲ್ಲಿರುವ ಅವೆನಿನ್ ಎಂಬ ಪ್ರೋಟೀನನ್ನು ಸೀಲಿಯಾಕ್ ಇರುವ ಹೆಚ್ಚಿನವರು ಅರಗಿಸಿಕೊಳ್ಳುತ್ತಾರೆ, ಕೆಲವರಿಗೆ ಅದೂ ಆಗುವುದಿಲ್ಲ. ಜೊತೆಗೆ ಸಾಮಾನ್ಯ ಓಟ್ಸಿನಲ್ಲಿ ಹೊಲದಿಂದ ಗಿರಣಿಯವರೆಗೆ ಗೋಧಿ, ಬಾರ್ಲಿ ಬೆರೆತೇ ಇರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಓಟ್ಸಿಗೆ ಗ್ಲುಟೆನ್ ಫ್ರೀ ಅಂತ ಬರೆಯಲು ಅವಕಾಶವೇ ಇಲ್ಲ. ಬೇರೆಯವರಿಗಾಗಿ ಮಾಡುವ ಕೇಕಿನಲ್ಲಿ ಓಟ್ಸ್ ಬಿಟ್ಟುಬಿಡಿ. ಅದಿಲ್ಲದೆ ಏನೂ ನಷ್ಟವಿಲ್ಲ.

ಕೆಲಸ ಮುಗಿಯುವವರೆಗೆ ಖಾಲಿ ಪೊಟ್ಟಣಗಳನ್ನು ಎಸೆಯಬೇಡಿ. ತಿನ್ನುವವರು ಒಮ್ಮೆ ನೋಡಬೇಕು ಅಂದರೆ ತೋರಿಸಬಹುದು. ಅವರಿಗೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಓದುವುದರಲ್ಲಿ ಅವರು ನಮಗಿಂತ ಪಳಗಿದವರು.

ಮೈದಾ ಕೇಕಿನಲ್ಲಿ ಏನು ಮಾಡುತ್ತಿತ್ತು

ಈಗ ಎರಡನೇ ಪ್ರಶ್ನೆಗೆ ಬರೋಣ. ಮೈದಾಕ್ಕೆ ನೀರು ತಾಗಿದಾಗ ಗ್ಲುಟೆನಿನ್, ಗ್ಲಿಯಾಡಿನ್ ಎಂಬ ಎರಡು ಪ್ರೋಟೀನುಗಳು ಸೇರಿ ಹಿಗ್ಗುವ ಬಲೆಯಾಗುತ್ತವೆ. ಬ್ರೆಡ್ಡಿನಲ್ಲಿ ಯೀಸ್ಟ್ ಬಿಡುವ ಗಾಳಿಯನ್ನು ಗಂಟೆಗಟ್ಟಲೆ ಹಿಡಿದಿಡುವುದು ಈ ಬಲೆ. ಅದಿಲ್ಲದೆ ಬ್ರೆಡ್ ನಿಲ್ಲುವುದಿಲ್ಲ.

ಕೇಕಿನಲ್ಲಿ ಹಾಗಲ್ಲ. ಅಲ್ಲಿ ನಾವೇ ಗ್ಲುಟೆನ್ ಜಾಸ್ತಿ ಆಗದಂತೆ ನೋಡಿಕೊಳ್ಳುತ್ತೇವೆ. ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಬೇಡಿ ಅಂತ ಹೇಳುವುದು ಅದಕ್ಕೇ ಅಲ್ವಾ? ಬೆಣ್ಣೆ, ಸಕ್ಕರೆ ಎರಡೂ ಆ ಬಲೆ ಹೆಣೆದುಕೊಳ್ಳಲು ಅಡ್ಡಿ ಮಾಡುತ್ತವೆ. ಬೆಂದ ಕೇಕನ್ನು ನಿಲ್ಲಿಸುವುದು ಮುಖ್ಯವಾಗಿ ಎರಡು: ಬಿಸಿಗೆ ಗಟ್ಟಿಯಾಗುವ ಮೊಟ್ಟೆಯ ಪ್ರೋಟೀನು, ಮತ್ತು ನೀರು ಕುಡಿದು ಉಬ್ಬಿ ಬೇಯುವ ಪಿಷ್ಟ. ಇವೆರಡಕ್ಕೂ ಗೋಧಿ ಬೇಕಿಲ್ಲ.

ಹಾಗಂತ ಗ್ಲುಟೆನ್ ಏನೂ ಮಾಡುತ್ತಿರಲಿಲ್ಲ ಅಂತಲ್ಲ. ಹಿಟ್ಟು ಗಟ್ಟಿಯಾಗುವ ತನಕ ಗುಳ್ಳೆಗಳು ಒಡೆಯದಂತೆ ಅದು ಸ್ವಲ್ಪ ಹಿಡಿದುಕೊಳ್ಳುತ್ತಿತ್ತು. ಬೆಂದ ಮೇಲೆ ತುಂಡು ಪುಡಿಪುಡಿ ಆಗದಂತೆ ಕಾಪಾಡುತ್ತಿತ್ತು. ಆ ಸಣ್ಣ ಕೆಲಸಕ್ಕೆ ಬದಲಿ ಹುಡುಕಿದರೆ ಸಾಕು. ಅದಕ್ಕೇ ಬಳಸುವುದು ಕ್ಸಾಂಥನ್ ಗಮ್. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ಸಕ್ಕರೆಯ ಮೇಲೆ ಹುದುಗಿಸಿ ತಯಾರಿಸುವ ಬಿಳಿ ಪುಡಿ ಇದು. 175 ಗ್ರಾಂ ಹಿಟ್ಟಿಗೆ ಕಾಲು ಟೀ ಚಮಚ ಸಾಕು. ಇನ್ನೂ ಸ್ವಲ್ಪ ಇರಲಿ ಅಂತ ಸುಮ್ನೆ ಹಾಕಿದರೆ ಕೇಕ್ ಅಂಟಂಟಾಗಿ ರಬ್ಬರಿನಂತಾಗುತ್ತದೆ.

ಹಿಟ್ಟುಗಳಲ್ಲಿ ಯಾವ ಒಂದೂ ಮೈದಾದ ಜಾಗವನ್ನು ಒಂಟಿಯಾಗಿ ತುಂಬುವುದಿಲ್ಲ. ಅಕ್ಕಿ ಹಿಟ್ಟಿಗೆ ರುಚಿಯ ಗಲಾಟೆ ಇಲ್ಲ, ಒಳ್ಳೆಯ ತಳಪಾಯ. ಆದರೆ ಒಂದನ್ನೇ ಹಾಕಿದರೆ ಕೇಕ್ ಒಣಗಿ ತರಿತರಿ ಅನ್ನಿಸುತ್ತದೆ. ಆಲೂಗಡ್ಡೆ ಅಥವಾ ಮೆಕ್ಕೆಜೋಳದ ಪಿಷ್ಟ ಹಗುರ ಮಾಡುತ್ತದೆ. ಮರಗೆಣಸಿನ ಪಿಷ್ಟ, ಅಂದರೆ ಟ್ಯಾಪಿಯೋಕಾ, ಸ್ವಲ್ಪ ಜಿಗುಟು ಕೊಟ್ಟು ತುಂಡನ್ನು ಒಟ್ಟಿಗೆ ಹಿಡಿಯುತ್ತದೆ. ಬಾದಾಮಿ ಪುಡಿಯಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ಕೇಕ್ ಬೇಗ ಒಣಗುವುದಿಲ್ಲ. ಬಿಳಿಜೋಳ, ರಾಗಿ, ಬಕ್‌ವೀಟ್ (ಹೆಸರಿನಲ್ಲಿ ವೀಟ್ ಇದ್ದರೂ ಗೋಧಿಯಲ್ಲ) ಹಿಟ್ಟುಗಳಲ್ಲೂ ಗ್ಲುಟೆನ್ ಇಲ್ಲ. ಆದರೆ ಅವಕ್ಕೆ ತಮ್ಮದೇ ಗಟ್ಟಿ ರುಚಿ ಇದೆ. ಚಾಕೊಲೇಟ್ ಅಥವಾ ಮಸಾಲೆ ಕೇಕಿಗೆ ಹೊಂದುತ್ತವೆ, ವೆನಿಲಾಗೆ ಅಲ್ಲ. ಕಡಲೆ ಹಿಟ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆದರೆ ಅದರ ಹಸಿ ವಾಸನೆ ಸಿಹಿಯಲ್ಲಿ ಮರೆಯಾಗುವುದು ಕಷ್ಟ.

ಅಳತೆ ಕಪ್ಪಿನಲ್ಲಿ ಬೇಡ, ತಕ್ಕಡಿಯಲ್ಲಿ ಇರಲಿ. ಈ ಹಿಟ್ಟುಗಳ ತೂಕ ಒಂದರಂತೆ ಇನ್ನೊಂದಿಲ್ಲ. ಒಂದು ಕಪ್ ಅಕ್ಕಿ ಹಿಟ್ಟು 150 ಗ್ರಾಂ ದಾಟಿದರೆ ಅದೇ ಕಪ್ಪಿನಲ್ಲಿ ಬಾದಾಮಿ ಪುಡಿ 100 ಗ್ರಾಂ ಆಸುಪಾಸು ನಿಲ್ಲುತ್ತದೆ.

ಒಂದು ಸಾದಾ ಕೇಕ್

20 ಸೆಂಟಿಮೀಟರಿನ ದುಂಡು ಟಿನ್ನಿಗೆ ಈ ಲೆಕ್ಕ ಸರಿಹೋಗುತ್ತದೆ. ನವಿರಾದ ಅಕ್ಕಿ ಹಿಟ್ಟು 90 ಗ್ರಾಂ, ಆಲೂಗಡ್ಡೆ ಅಥವಾ ಮೆಕ್ಕೆಜೋಳದ ಪಿಷ್ಟ 35 ಗ್ರಾಂ, ಟ್ಯಾಪಿಯೋಕಾ ಪಿಷ್ಟ 20 ಗ್ರಾಂ, ಬಾದಾಮಿ ಪುಡಿ 30 ಗ್ರಾಂ. ಒಟ್ಟು 175. ಇದಕ್ಕೆ ಕಾಲು ಟೀ ಚಮಚ ಕ್ಸಾಂಥನ್ ಗಮ್, ಒಂದು ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಬೆರೆಸಿ. ಬೇರೆ ಬಟ್ಟಲಿನಲ್ಲಿ ಮೆತ್ತಗಿನ ಬೆಣ್ಣೆ 175 ಗ್ರಾಂ, ಸಕ್ಕರೆ 160 ಗ್ರಾಂ ಹಾಕಿ ಬಿಳಿಚಿಕೊಂಡು ಹಗುರಾಗುವ ತನಕ ಬಡಿಯಿರಿ. ಮೂರು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ಅವು ಫ್ರಿಜ್ಜಿನಿಂದ ಆಗಷ್ಟೇ ತೆಗೆದವು ಆಗಬಾರದು, ತಣ್ಣಗಿದ್ದರೆ ಬೆಣ್ಣೆ ಒಡೆದುಹೋಗುತ್ತದೆ. ನಂತರ ಹಿಟ್ಟು, ಮೂರು ಚಮಚ ಹಾಲು, ವೆನಿಲಾ.

ಇಲ್ಲಿ ನಿಲ್ಲಿಸಿ. ಬೇಕಿಂಗ್ ಪೌಡರ್ ಇನ್ನೂ ಹಾಕಬೇಡಿ. ಒಂದು ಹನಿ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ. ಸಣ್ಣ ಮರಳಿನಂತೆ ಕೈಗೆ ಸಿಗುತ್ತದೆ. ಅಕ್ಕಿಯ ಕಣಗಳಿಗೆ ಇನ್ನೂ ನೀರು ಇಳಿದಿಲ್ಲ. ಈಗಲೇ ಬೇಯಿಸಿದರೆ ಆ ಮರಳು ಬಾಯಿಗೂ ಸಿಗುತ್ತದೆ. ಬಟ್ಟಲು ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಅದೇ ಹನಿಯನ್ನು ಉಜ್ಜಿದರೆ ತರಿ ಬಹುಪಾಲು ಇಳಿದಿರುತ್ತದೆ, ಹಿಟ್ಟೂ ಸ್ವಲ್ಪ ಗಟ್ಟಿಯಾಗಿರುತ್ತದೆ. ಗ್ಲುಟೆನ್ ಇಲ್ಲದ ಕೇಕ್ ಸರಿಬರಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಈ ಅರ್ಧ ಗಂಟೆಯನ್ನೇ ಅಂತ ನನ್ನ ನಂಬಿಕೆ.

ಈಗ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಉದುರಿಸಿ, ಗಂಟಿಲ್ಲದಂತೆ ಚೆನ್ನಾಗಿ ಕಲಸಿ. ಮೈದಾ ಕೇಕಿನಲ್ಲಿ ಈ ಹಂತದಲ್ಲಿ ಇಷ್ಟು ಕಲಸಿದರೆ ಗಟ್ಟಿಯಾಗುತ್ತಿತ್ತು. ಇಲ್ಲಿ ಗಟ್ಟಿ ಮಾಡಲು ಗ್ಲುಟೆನ್ನೇ ಇಲ್ಲ, ಧೈರ್ಯವಾಗಿ ಕಲಸಿ. ಪೇಪರ್ ಹಾಸಿದ ಟಿನ್ನಿಗೆ ಹಾಕಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರಿಂದ 35 ನಿಮಿಷ ಬೇಯಿಸಿ. ಈ ಹಿಟ್ಟುಗಳು ಕೆಂಪಾಗುವುದು ನಿಧಾನ, ಹಾಗಾಗಿ ಬಣ್ಣ ನೋಡಿ ತೀರ್ಮಾನಿಸಬೇಡಿ. ನಡುವೆ ಬೆರಳಿನಿಂದ ಒತ್ತಿದರೆ ಮೇಲಕ್ಕೆ ಬರಬೇಕು, ಕಡ್ಡಿ ಚುಚ್ಚಿದರೆ ಅಂಟಿಲ್ಲದೆ ಬರಬೇಕು. ಥರ್ಮಾಮೀಟರ್ ಇದ್ದರೆ ನಡುಭಾಗ 96ರಿಂದ 98 ಡಿಗ್ರಿ ಮುಟ್ಟಿರಬೇಕು. ಬಿಸಿ ಇರುವಾಗ ಈ ಕೇಕ್ ತುಂಬಾ ನಾಜೂಕು. ಟಿನ್ನಿನಲ್ಲೇ ಹತ್ತು ನಿಮಿಷ ಬಿಟ್ಟು, ಆಮೇಲೆ ತೆಗೆದು, ಪೂರ್ತಿ ಆರಿದ ಮೇಲೆ ಕತ್ತರಿಸಿ. ಪಿಷ್ಟ ಬಿಗಿದುಕೊಳ್ಳಲು ಆ ಹೊತ್ತು ಬೇಕು.

ನಡು ಕುಸಿದರೆ ಸಾಮಾನ್ಯವಾಗಿ ಬೆಂದಿರುವುದು ಸಾಲದು, ಇಲ್ಲವೇ ಹಾಲು ಜಾಸ್ತಿಯಾಗಿದೆ. ಪುಡಿಯಾದರೆ ಅಕ್ಕಿ ಹಿಟ್ಟಿನ ಪಾಲು ಜಾಸ್ತಿ. ದೊಡ್ಡ ಅಗಲದ ಟಿನ್ನಿಗಿಂತ ನಡುವೆ ತೂತಿರುವ ಉಂಗುರದ ಟಿನ್ ಅಥವಾ ಸಣ್ಣ ಕಪ್ಪುಗಳು ಸುಲಭ, ಎಲ್ಲಾ ಕಡೆಯಿಂದ ಬಿಸಿ ತಾಗಿ ಬೇಗ ನಿಲ್ಲುತ್ತವೆ.

ಇಷ್ಟೆಲ್ಲ ಹಿಟ್ಟು ಹುಡುಕಲು ಆಗದವರಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ: ಮೊದಲಿನಿಂದಲೂ ಮೈದಾ ಇಲ್ಲದ ಕೇಕುಗಳು. ಸ್ಪೇನಿನ ತಾರ್ತಾ ದೆ ಸಾಂತಿಯಾಗೋದಲ್ಲಿ ಇರುವುದು ಬಾದಾಮಿ, ಮೊಟ್ಟೆ, ಸಕ್ಕರೆ, ನಿಂಬೆ ಸಿಪ್ಪೆ, ಅಷ್ಟೇ. 250 ಗ್ರಾಂ ಬಾದಾಮಿ ಪುಡಿ, 250 ಗ್ರಾಂ ಸಕ್ಕರೆ, ಐದು ಮೊಟ್ಟೆ ಸೇರಿಸಿ ಬೇಯಿಸಿದರೆ ಆಯಿತು. ಇಟಲಿಯ ಕಾಪ್ರಿ ದ್ವೀಪದ ತೋರ್ತಾ ಕಪ್ರೇಸೆಯಲ್ಲಿ ಇದಕ್ಕೆ ಚಾಕೊಲೇಟ್, ಬೆಣ್ಣೆ ಸೇರುತ್ತವೆ. ಇವು ಯಾವುದರದ್ದೋ ಬದಲಿಯಲ್ಲ. ತಿನ್ನುವವರಿಗೆ ಕೊರತೆ ಅನ್ನಿಸುವುದೇ ಇಲ್ಲ. ಪದಾರ್ಥ ಕಡಿಮೆ ಇದ್ದಷ್ಟೂ ಓದಬೇಕಾದ ಪೊಟ್ಟಣ ಕಡಿಮೆ, ತಪ್ಪಾಗುವ ಜಾಗವೂ ಕಡಿಮೆ. ಮೊದಲ ಸಲ ಮಾಡುವವರು ಇದರಿಂದಲೇ ಶುರು ಮಾಡಿ.

ಮೊಟ್ಟೆಯೂ ಬೇಡ ಅಂದರೆ ಕೆಲಸ ನಿಜಕ್ಕೂ ಕಷ್ಟ, ಯಾಕೆಂದರೆ ನಿಲ್ಲಿಸುವ ಎರಡು ಆಸರೆಗಳಲ್ಲಿ ಒಂದು ಹೋಯಿತು. ಗಟ್ಟಿ ಮೊಸರಿಗೆ ಅಡುಗೆ ಸೋಡಾ ಸೇರಿಸಿ ಉಬ್ಬಿಸಬಹುದು, ಹಿಡಿತಕ್ಕೆ ಒಂದು ಚಮಚ ಇಸಬ್‌ಗೋಲ್ ಹೊಟ್ಟು ನೆನೆಸಿ ಹಾಕಬಹುದು. ದೊಡ್ಡ ಕೇಕಿನ ಆಸೆ ಬಿಟ್ಟು ಸಣ್ಣ ಕಪ್ಪುಗಳಲ್ಲಿ ಬೇಯಿಸಿ, ಚೆನ್ನಾಗಿ ಬರುತ್ತವೆ.

ಬಡಿಸುವಾಗ, ಎತ್ತಿಡುವಾಗ

ಇಷ್ಟು ಜೋಪಾನ ಮಾಡಿದ ಕೇಕ್ ಮೇಜಿನ ಮೇಲೆ ಕೆಡಬಹುದು. ಪಕ್ಕದಲ್ಲಿ ಮೈದಾ ಕೇಕ್ ಇದ್ದು, ಒಂದೇ ಚಾಕು ಎರಡಕ್ಕೂ ಓಡಾಡಿದರೆ ಮುಗಿಯಿತು. ಸಾಧ್ಯವಾದರೆ ಎಲ್ಲರಿಗೂ ಒಂದೇ ಗ್ಲುಟೆನ್ ಇಲ್ಲದ ಕೇಕ್ ಮಾಡಿ. ಮಕ್ಕಳ ಹುಟ್ಟುಹಬ್ಬದಲ್ಲಂತೂ ಒಂದು ಮಗುವಿಗೆ ಮಾತ್ರ ಬೇರೆ ತಟ್ಟೆ ಬರುವುದು ಬೇಡ. ಎರಡು ಕೇಕ್ ಇರಲೇಬೇಕಾದರೆ ಬೇರೆ ಮೇಜು, ಬೇರೆ ಚಾಕು, ಮತ್ತು ಸೀಲಿಯಾಕ್ ಇರುವವರಿಗೆ ಮೊದಲ ತುಂಡು.

ಎಲ್ಲೋ ಒಂದು ಕಡೆ ಅನುಮಾನ ಬಂದರೆ, ಹಳೆಯ ಬೇಕಿಂಗ್ ಪೌಡರ್ ಹಾಕಿದ್ದು ನೆನಪಾದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ತಿನ್ನಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಎಲ್ಲಾ ಸರಿಯಿದ್ದೂ ಅವರು ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಒತ್ತಾಯವೂ ಬೇಡ. ಹಿಂದೆ ಯಾರದೋ ಮನೆಯಲ್ಲಿ ನಂಬಿ ತಿಂದು ದಿನಗಟ್ಟಲೆ ನರಳಿರುತ್ತಾರೆ.

ಈ ಕೇಕ್ ಮೈದಾ ಕೇಕಿಗಿಂತ ಬೇಗ ಬಿರುಸಾಗುತ್ತದೆ. ಬೆಂದ ಪಿಷ್ಟ ಮತ್ತೆ ಗಟ್ಟಿಯಾಗುವುದು ಫ್ರಿಜ್ಜಿನ ತಂಪಿನಲ್ಲೇ ಎಲ್ಲಕ್ಕಿಂತ ಬೇಗ, ಹಾಗಾಗಿ ಸಾದಾ ಕೇಕನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಒಂದೆರಡು ದಿನಕ್ಕಾದರೆ ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇರಲಿ. ಅದಕ್ಕಿಂತ ಜಾಸ್ತಿ ದಿನಕ್ಕೆ ತುಂಡು ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಿ, ಫ್ರೀಜರಿನಲ್ಲಿಡಿ. ಬೇಕಾದಾಗ ಹೊರಗೆ ತೆಗೆದು ಸ್ವಲ್ಪ ಬೆಚ್ಚಗೆ ಮಾಡಿದರೆ ಮೆತ್ತಗಾಗುತ್ತದೆ. ಹೀಗೆ ಸುತ್ತಿದ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಅವರ ಕೈಗೇ ಕೊಟ್ಟು ಕಳಿಸಬಹುದು. ಇನ್ನೊಬ್ಬರ ಮನೆಯ ಸಮಾರಂಭಕ್ಕೆ ಹೋಗುವಾಗ ಒಂದು ತುಂಡು ಚೀಲದಲ್ಲಿ ಇಟ್ಟುಕೊಂಡರೆ, ಎಲ್ಲರೂ ಕೇಕ್ ತಿನ್ನುವ ಹೊತ್ತಿಗೆ ಅವರಿಗೂ ತಿನ್ನಲು ಕೇಕ್ ಇರುತ್ತದೆ.